ತಾಳಿ ಕೊಂಡವಳ ತಾಟು

ನಮ್ಮ ಮನ್ಯಾಗ ಒಂದು ಸ್ಟೀಲಿನ ತಾಟು ಐತಿ. ಅದನ್ನ ಕಂಡ್ರ ನನಗ ಮೈಯೆಲ್ಲಾ ಉರಿತೈತಿ. ಆದ್ರೂ ದಿನಾ ಎರಡೂ ಹೊತ್ತು ಅದರಾಗ ಉಣ್ತೇನಿ. ಬ್ಯಾರೆ ತಾಟಿಲ್ಲ ಅಂತಲ್ಲ, ಸೊಸಿ ತಂದಾವು ಹತ್ತು ಅದಾವು, ಅಂಚಿಗೆಲ್ಲಾ ಹೂವಿನ ಚಿತ್ರ. ಆದ್ರ ಸಿಟ್ಟು ಬರಸೋ ಸಾಮಾನು ಕಣ್ಣ ಮುಂದ ಇರಬೇಕು ಅನ್ನಾಕಿ ನಾನು. ಅಟ್ಟಕ್ಕ ಒಗದ್ರ ಮರತು ಹೋಗತೈತಿ. ಮರತ್ರ ಮತ್ತ ಅದ ತಪ್ಪು ಮಾಡ್ತೇವಿ.

ಮೊದಲ ಹೇಳಿಬಿಡ್ತೇನಿ, ನಾ ನಾಕನೇತ್ತ ತನಕ ಅಷ್ಟ ಸಾಲಿ ಕಲ್ತಾಕಿ. ಒತ್ತಕ್ಷರ ಅಂದ್ರ ನನಗ ಈಗೂ ಹೊಲದಾಗಿನ ಕಸ ಇದ್ದಂಗ, ಎಲ್ಲಿ ಏಳತೈತಿ, ಯಾವಾಗ ಏಳತೈತಿ ತಿಳಿಯೂದಿಲ್ಲ. ತಪ್ಪಿದ್ರ ನೀವ ತಿದ್ದಿಕೊಂಡು ಓದ್ರಿ. ಮೊಮ್ಮಗಳು ಎಸ್ತರ್ ನಾ ತಿದ್ದಿ ಕೊಡ್ತೇನಿ ಅಂದ್ಲು. ಬ್ಯಾಡಂದೆ. ಆಕಿ ಕೈಗೆ ಕೊಟ್ರ ಆಕಿ ಬಗ್ಗೆ ಬರದದ್ದನ್ನೆಲ್ಲಾ ಅಳಿಸಿ, ನನ್ನ ಬಗ್ಗೆ ಬರದದ್ದನ್ನ ಅಷ್ಟ ಇಡ್ತಾಳ.

ನಮ್ಮ ಕಡೆ ಭಾಂಡೆಕ್ಕ ಹೆಸರು ಹೊಡಸೋದು ಮಂದಿಗೆ ಒಂದು ಹುಚ್ಚು. ತಾಟು, ಚರಗಿ, ವಾಟಗ, ಕಡೀಕ ಸಾರಿನ ಸೌಟಿಗೂ ಚುಕ್ಕಿ ಚುಕ್ಕಿ ಬಡದು ಯಾರು ಯಾರಿಗೆ ಕೊಟ್ರು ಅಂತ ಬರಸ್ತಾರ. ನನ್ನ ತಾಟಿನ ಅಂಚಿಗೆ ಬರದದ್ದು ಹಿಂಗೈತಿ: "ಸಾರಳಿಗೆ. ತಾಳಿ ಕೊಂಡವಳಿಗೆ."

ನಗಬ್ಯಾಡ್ರಿ. ನಗೋರು ಭಾಳ ಮಂದಿ ನಕ್ಕು ಹೋಗ್ಯಾರ. ನನ್ನ ಗಂಡ ಯೋಹಾನ ಗೌಂಡಿ ಕೆಲಸದಾಂವ, ಮದುವಿಯಾಗಿ ಎರಡನೇ ದಿನ ಅದನ್ನ ಓದಿ ಅಂಗಳದಾಗ ಉಳ್ಳ್ಯಾಡಿ ನಕ್ಕ. "ಅಲ್ಲಲೇ, ಪಾದ್ರಿ ಅಯ್ಯನೋರ ಮುಂದ ನಾ ಕಟ್ಟಿದ್ದು ತಾಳಿ. ನೀ ಯಾವ ಸಂತ್ಯಾಗ ಕೊಂಡಿದ್ದಿ?" ಅಂದ. ಸಾಯೋತನಕಾ ಅದನ್ನ ಅಂತಿದ್ದ. ಸಿಟ್ಟು ಬಂದಾಗ ಅಂತಿದ್ದ, ಖುಷಿ ಆದಾಗೂ ಅಂತಿದ್ದ. ಗೋಡಿಗೆ ಓಳಂಬಿ ಬಿಟ್ಟು ನೆಟ್ಟಗ ಐತೋ ಇಲ್ಲೋ ನೋಡೋ ಮನಷ್ಯಾಗ ಒಂದು ಮಾತು ಎಷ್ಟು ಸಲ ಹೇಳಬೇಕು ಅನ್ನೋ ಅಳತಿ ಮಾತ್ರ ಇರಲಿಲ್ಲ.

ಖರೇ ಅಂದ್ರ ಅದು ಒಂದ ಶಬ್ದ ಇರಬೇಕಿತ್ತು. "ತಾಳಿಕೊಂಡವಳಿಗೆ." ಅಂದ್ರ ಸಹನ ಮಾಡಿದಾಕಿಗೆ ಅಂತ. ಚೀಟಿ ಮ್ಯಾಲೆ ಹಂಗ ಬರದು ಸವಣೂರಿನ ಭಾಂಡೆ ಅಂಗಡಿಗೆ ಕಳಸಿದ್ರಂತ. ಅಲ್ಲಿ ಬಡಿಯಾಂವ "ತಾಳಿ" ತನಕ ಬಡದು, ನಡುವ ಚಾ ಕುಡದು ಬಂದಾನ, ಇಲ್ಲಾ ಎಲಿ ಅಡಕಿ ಹಾಕ್ಕೊಂಡಾನ. ಸವಣೂರಿನಾಗ ಎಲಿಗೇನು ಬರ. ತಿರಗಿ ಕೈಗೆ ಉಳಿ ತಗೊಂಡಾಗ ಎರಡು ಬಟ್ಟು ಜಾಗ ಬಿಟ್ಟು "ಕೊಂಡವಳಿಗೆ" ಅಂತ ಬಡದಾನ. ಅವನ ಒಂದು ಗುಟುಕು ಚಾದಾಗ ನಾ ಮದುವಿಕಿಂತ ಮೊದಲ ತಾಳಿ ಖರೀದಿ ಮಾಡಿದಾಕಿ ಆದೆ.

ಆ ಬಡಿಯಾಂವನ ಮ್ಯಾಲೆ ನನಗ ಸಿಟ್ಟಿಲ್ಲ. ಸಿಟ್ಟಿರೋದು ಅವ ತಪ್ಪಿ ಬಡದ ಶಬ್ದದ ಮ್ಯಾಲಲ್ಲ, ಚೀಟ್ಯಾಗ ಸರಿಯಾಗಿ ಬರದಿದ್ರಲ್ಲ, ಆ ಶಬ್ದದ ಮ್ಯಾಲೆ.

ಹಾನಗಲ್ಲಿನ ಹೊರಗ, ಮಾವಿನ ತೋಪಿನ ಬಾಜೂಕ ಆಗ ನಮ್ಮ ಕ್ರಿಸ್ತರ ಹೆಣ್ಮಕ್ಕಳ ಹಾಸ್ಟೆಲ್ ಇತ್ತು. ನಾನೂ ಅಲ್ಲೇ ಬೆಳದಾಕಿ. ಸಾಲಿ ತಲಿಗೆ ಹತ್ತಲಿಲ್ಲ ಅಂತ ಅಡಗಿಮನಿಗೆ ಹಾಕಿದ್ರು. ದಿನಕ್ಕ ಮೂರು ಸೇರು ಹಿಟ್ಟು ನಾದಿ ರೊಟ್ಟಿ ಬಡೀತಿದ್ದೆ. ಕಲಿಯೋ ಹುಡಿಗ್ಯಾರು ಹುತುತು ಆಡತಿದ್ರು. ಈಗ ಕಬಡ್ಡಿ ಅಂತಾರಲ್ಲ, ಅದ. ಅವತ್ತು ಉಸಿರು ಹಿಡದು "ಹುತುತುತುತು" ಅಂತ ಹೋಗಬೇಕು, ಎದುರಿನವರನ್ನ ಮುಟ್ಟಬೇಕು, ಉಸಿರು ಮುಗಿಯೋದ್ರಾಗ ವಾಪಸ್ ನಡು ಗೆರಿ ಮುಟ್ಟಬೇಕು. ನಾ ಒಲಿ ಊದೋ ಕೊಳವಿ ಹಿಡಕೊಂಡು ಕಿಟಕ್ಯಾಗ ನಿಂತು ನೋಡತಿದ್ದೆ. ರೊಟ್ಟಿ ಹೊತ್ತತಿದ್ವು.

ಶಿಗ್ಗಾಂವ್ಯಾಗ ಪಂದ್ಯ ಇಟ್ಟಿದ್ರು. ಏಳು ಮಂದಿ ಬೇಕು. ಇದ್ದವ್ರು ಏಳ. ಹೋಗೋ ಮುಂದ ಒಬ್ಬಾಕಿಗೆ ಮೈಮ್ಯಾಲೆ ಅಮ್ಮ ಎದ್ಲು. ಕ್ರಿಸ್ತರ ಹಾಸ್ಟೆಲ್ಲಿಗೆ ಅಮ್ಮ ಬರಬಾರದು ಅಂತೇನು ಕಾಯಿದೆ ಇಲ್ಲಲ್ಲ, ಬಂದ್ಲು. ಹಾಸ್ಟೆಲ್ ನೋಡಿಕೊಳ್ಳೋ ದೊಡ್ಡಕ್ಕೋರು ಸೀದಾ ಅಡಗಿಮನಿಗೆ ಬಂದ್ರು.

"ಸಾರಾ, ಹಂಚು ಇಳಿಸು. ನೀ ಹುತುತು ಆಡ್ತಿ."

"ನನಗ ಬರೂದಿಲ್ರಿ ಅಕ್ಕೋರ."

"ಹಿಟ್ಟು ನಾದೋ ತೋಳು ಅವು. ಹಿಡದ್ರ ಬಿಡಬ್ಯಾಡ. ಅಷ್ಟ ಆಟ."

ಹಂಗ ನಾ ಆಟಗಾರ್ತಿ ಆದೆ. ಸೀರಿ ಕಚ್ಚಿ ಹಾಕಿ, ತಲಿಗೆ ಎಣ್ಣಿ ಹಚ್ಚಿ, ಬಸ್ಸಿನ್ಯಾಗ ಕಿಟಕಿ ಪಕ್ಕ ಕುಂತು ಶಿಗ್ಗಾಂವಿಗೆ ಹೋದೆ. ಪಂದ್ಯಕಿಂತ ಬಸ್ಸ ನನಗ ದೊಡ್ಡ ಖುಷಿ ಇತ್ತು.

ಎರಡನೇ ಸಲ ಉಸಿರು ಹಿಡದು ಒಳಗ ಹೋದೆ. ಯಾವಾಕೋ ಒಬ್ಬಾಕಿ ನನ್ನ ಎಡಗಾಲು ಹಿಡದ್ಲು, ಇನ್ನೊಬ್ಬಾಕಿ ಸೊಂಟಕ್ಕ ಬಿದ್ಲು. ಮೈ ಈ ಕಡೆ ತಿರಗಿತು, ಮೊಣಕಾಲು ಆ ಕಡೆ ಉಳೀತು. ಕಟಕ್ ಅಂತು. ಒಣಗಿದ ಕಟಗಿ ಮುರದ್ರ ಆಗೋ ಸಪ್ಪಳ ಅಲ್ಲ ಅದು, ಹಸಿ ಕಟಗೀದು. ಆ ಸಪ್ಪಳ ನನಗೊಬ್ಬಾಕಿಗೆ ಕೇಳಿಸ್ತು ಅಂತ ಕಾಣತೈತಿ. ಉಳದವರೆಲ್ಲಾ ಚಪ್ಪಾಳಿ ಹೊಡಿಯಾಕತ್ತಿದ್ರು.

ದೊಡ್ಡಕ್ಕೋರು ಓಡಿ ಬಂದು ತಮ್ಮ ಸೀರಿ ಸೆರಗ ಹರದು ಬಿಗದ್ರು. ಅವರ ಕಣ್ಣಾಗ ನೀರಿತ್ತು. ಕೆಟ್ಟಾಕಿ ಅಲ್ಲ ಆಕಿ. ಅದ ನನ್ನ ಸಂಕಟ. ಕೆಟ್ಟಾಕಿ ಆಗಿದ್ರ ನಾಕು ಬೈದು ಕೈ ತೊಳಕೊಬಹುದಿತ್ತು. ನನ್ನ ಗದ್ದ ಹಿಡದು ಅಂದ್ರು, "ಸಾರಾ, ಬದಲಿ ಯಾರೂ ಇಲ್ಲವ್ವ. ಯೇಸುಸ್ವಾಮಿ ನಿನ್ನ ಸಲುವಾಗಿ ಶಿಲುಬಿ ಹೊತ್ತ. ನೀ ಅವನ ಸಲುವಾಗಿ ಒಂದು ಕಾಲು ತಾಳಿಕೊಳ್ಳಾರಿಯೇನು?"

ಹದಿನಾರು ವರ್ಷದಾಕಿ, ತಾಯಿ ತಂದಿ ಇಲ್ಲದಾಕಿ, ಅನ್ನ ಹಾಕಿದ ಕೈ ಗದ್ದ ಹಿಡದು ಹಿಂಗ ಕೇಳಿದ್ರ ಏನು ಅನ್ನಬೇಕ್ರಿ? ತಾಳಿಕೊಂಡೆ. ಆಟ ಮುಗಿಯೋತನಕಾ ಒಂಟಿಗಾಲಿಲೆ ಕುಂಟಕೋಂತ ಆಡಿದೆ.

ಮತ್ತ ಸೋತ್ವಿ. ಸಣ್ಣಂಗೇನಲ್ಲ, ಛಂದಂಗ ಸೋತ್ವಿ.

ಆ ವರ್ಷ ಕ್ರಿಸ್‌ಮಸ್ಸಿಗೆ ಹಾಸ್ಟೆಲ್ಲಿನಾಗ ದೊಡ್ಡಕ್ಕೋರು ಎಲ್ಲಾರ ಮುಂದ ಕರದು ಈ ತಾಟು ಕೊಟ್ರು. ಆಗ ಸ್ಟೀಲಂದ್ರ ಬಂಗಾರ. ಕೋಲು ಊರಿಕೊಂಡು ಹೋಗಿ ಇಸಕೊಂಡೆ.

ಆ ಮೊಣಕಾಲು ಅವತ್ತಿನಿಂದ ಮಡಚಿಲ್ಲ. ಪೂರಾ ಮಡಚೂದಿಲ್ಲ, ಪೂರಾ ನೆಟ್ಟಗೂ ಆಗೂದಿಲ್ಲ, ನಡುವ ನಿಂತೈತಿ, ನಮ್ಮೂರ ರಸ್ತೆ ಕೆಲಸ ನಿಂತಂಗ. ಭತ್ತದ ಗದ್ದ್ಯಾಗ ಮಂದಿ ಕುಕ್ಕರಗಾಲಿಲೆ ಕುಂತು ಕಳೆ ಕಿತ್ರ ನಾ ನಿಂತು ಬಗ್ಗಿ ಕಿತ್ತೇನಿ. ಬಾಣಂತನ ಗೋಡಿ ಹಿಡಕೊಂಡು ಮಾಡಿಸಿಕೊಂಡೇನಿ. ಬಯಲಿಗೆ ಹೋಗೋ ಕಾಲದಾಗ ಏನು ಮಾಡಿದೆ ಅಂತ ಕೇಳಬ್ಯಾಡ್ರಿ, ಅದನ್ನ ಬರಿಯಾಕ ನನ್ನ ಕನ್ನಡ ಸಾಲೂದಿಲ್ಲ.

ಎಲ್ಲಾದಕಿಂತ ದೊಡ್ಡ ಮಾತು ಇದು. ನಮ್ಮ ಗುಡಿಯೊಳಗ ಪ್ರಾರ್ಥನಿ ಹೊತ್ತಿಗೆ ಎಲ್ಲಾರೂ ಮೊಣಕಾಲೂರತಾರ. ನಾ ಊರೂದಿಲ್ಲ. ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮ್ಯಾಲೆ ಕುಂದರ್ತೇನಿ. ದೇವರ ಸಲುವಾಗಿ ತಾಳಿಕೊಂಡ ಕಾಲು, ದೇವರ ಮುಂದ ಬಗ್ಗಾಕ ಒಲ್ಲೆ ಅಂತು. ಎಲ್ಲಾರ ತಲಿ ಕೆಳಗ ಹೋದಾಗ ನನ್ನ ತಲಿ ಒಂದ ಮ್ಯಾಲೆ, ಜ್ವಾಳದ ಹೊಲದಾಗ ಬೆದರು ಗೊಂಬಿ ನಿಂತಂಗ.

ಈಗ ಬಂದಿರೋ ಪಾಸ್ಟರ್ ಅಯ್ಯನೋರು ವಯಸ್ಸಿನ್ಯಾಗ ಸಣ್ಣಾವ್ರು, ತೆಂಕಣ ಕಡೇದವ್ರು, ಪುಸ್ತಕದಂಗ ಮಾತಾಡ್ತಾರ. ಬಂದ ಹೊಸದಾಗ ನನ್ನ ಸ್ಟೂಲಿನ ಹತ್ರ ಬಂದು ಮೆತ್ತಗ, "ಅಜ್ಜಿ, ಮೊಣಕಾಲು ಬಗ್ಗಿದರೆ ಮನಸ್ಸೂ ಬಗ್ಗುತ್ತದೆ" ಅಂದ್ರು.

"ಅಯ್ಯನೋರ, ನಂದು ಮನಸ್ಸು ಬಗ್ಗತೈತ್ರಿ, ಕಾಲು ಬಗ್ಗೂದಿಲ್ಲ. ನಿಮಗೇನರ ಉಲ್ಟಾ ಐತೇನು ನೋಡ್ಕೋರಿ" ಅಂದೆ. ಅವತ್ತಿನಿಂದ ನನ್ನ ಸ್ಟೂಲಿನ ಸುದ್ದಿಗೆ ಬರಲಿಲ್ಲ.

ಇಷ್ಟು ಗಟ್ಟಿ ಬಾಯಿ ಇದ್ದಾಕಿ ಒಂದ ಒಂದು ಜಾಗಾದಾಗ ಸುಳ್ಳು ಹೇಳಿದ್ದೆ. ಮಗ ಸ್ಯಾಮುವೇಲ ಸಣ್ಣಾಂವ ಇದ್ದಾಗ ತಾಟು ತೋರಿಸಿ, "ಅವ್ವಾ, ಇದು ಯಾಕ ಕೊಟ್ರು?" ಅಂತ ಕೇಳಿದ. ಸೋತದ್ದಕ್ಕ ಕೊಟ್ರು ಅನ್ನಾಕ ನಾಚಿಕಿ ಬಂತು. "ಕಾಲು ಉಳುಕಿತ್ತಪ್ಪ, ದೇವರ ಹೆಸರಿಲೆ ತಾಳಿಕೊಂಡು ಆಡಿದೆ, ಗೆದ್ವಿ" ಅಂದೆ. "ಕಾಲು?" ಅಂದ. "ಮರದಿನ ನೆಟ್ಟಗಾತು." "ಮತ್ತ ಕುಂಟತಿಯಲ್ಲ?" "ಅದು ಬ್ಯಾರೆ. ಬಾವಿ ಮೆಟ್ಟಲದಾಗ ಬಿದ್ದೆ."

ಎರಡು ಸುಳ್ಳನ್ನ ಎರಡು ಬ್ಯಾರೆ ಬುಟ್ಟ್ಯಾಗ ಇಟ್ಟೆ. ಒಂದಕ್ಕೊಂದು ತಾಗಬಾರದು ಅಂತ. ಮಗಾಗ ಹೇಳಿದ್ದು ಮೊಮ್ಮಗಳಿಗೂ ಬಂತು. ಆಕಿ ಎದ್ದು ನಿಲ್ಲಾಕ ಕಲ್ತಾಗಿಂದ ಅದ ಕತಿ ಕೇಳಿ ಉಂಡಾಕಿ, ಅದ ತಾಟಿನ್ಯಾಗ.

ಎಸ್ತರಗ ಈಗ ಹದಿನೇಳು. ಕಾಲೇಜಿನ ಕಬಡ್ಡಿ ಟೀಮಿನ್ಯಾಗ ಮುಂದಾಳು. ಒಳಗ ನುಗ್ಗಿದ್ರ ಮಿಡತಿ, ಹಿಡಿಯಾಕ ಹೋದ್ರ ಬೆಕ್ಕು. ಹಿರೇಕೆರೂರಿನಾಗ ಪಂದ್ಯ ಇತ್ತು. ಅಲ್ಲಿ ಛಲೋ ಆಡಿದಾಕಿನ್ನ ಜಿಲ್ಲಾ ಟೀಮಿಗೆ ಆರಸ್ತಾರ, ಆಮ್ಯಾಲೆ ಧಾರವಾಡದಾಗ ಕಾಲೇಜು, ಹಾಸ್ಟೆಲ್ಲು ಎಲ್ಲಾ ಆಟದ ಮ್ಯಾಲೆ ಸಿಗತೈತಿ ಅಂತ ಮನಿತುಂಬ ಅದ ಮಾತು. ಪಂದ್ಯ ಎರಡು ವಾರ ಇರಬೇಕಾದ್ರ ಆಕಿ ಪ್ರಾಕ್ಟೀಸಿನಿಂದ ಕುಂಟಕೋಂತ ಬಂದ್ಲು.

"ಎಡಗಾಲೇನು?" ಅಂದೆ.

"ಹೆಂಗ ಗೊತ್ತಾತಜ್ಜಿ?"

ಹಾವೇರಿ ಡಾಕ್ಟರು ನೋಡಿ, ಒಳಗಿನ ದಾರ ಅರ್ಧ ಹರದೈತಿ, ಆರು ವಾರ ಕಾಲಿಗೆ ಪೂರಾ ರಜಾ ಕೊಡ್ರಿ, ಇದರ ಮ್ಯಾಲೆ ಆಡಿದ್ರ ಉಳದದ್ದೂ ಹರೀತೈತಿ, ಆಮ್ಯಾಲೆ ಜೀವನಪೂರ್ತಿ ಕಾಲು ಮೊದಲಿನಂಗ ಆಗೂದಿಲ್ಲ ಅಂದ್ರು. ಸ್ಯಾಮುವೇಲ ಹೂಂ ಹೂಂ ಅಂತ ಕೇಳಿ, ಬರೋ ಹಾದ್ಯಾಗ ಮೊಣಕಾಲಿಗೆ ಹಾಕೋ ಪಟ್ಟಿ ತಗೊಂಡು ಬಂದ. ಡಾಕ್ಟರ್ ಹೇಳಿದ್ದು ಒಂದು, ಇವ ಕೇಳಿದ್ದು ಇನ್ನೊಂದು.

ಆ ಆಯ್ತಾರ ಅಯ್ಯನೋರು ಆಟದ ಮ್ಯಾಲೆ ಪ್ರಸಂಗ ಮಾಡಿದ್ರು. ಅವರಿಗೆ ಆಟ ಅಂದ್ರ ಪ್ರಾಣ, ನಿಲುವಂಗಿ ಕೆಳಗ ಆಟದ ಬೂಟು ಹಾಕ್ಕೊಂಡು ಬರತಾರ. "ಕ್ರೀಡೆಯು ವಿಶ್ವಾಸಿಗಳಿಗೆ ಮೂರು ಪಾಠಗಳನ್ನು ಕಲಿಸುತ್ತದೆ" ಅಂದ್ರು. ಯಾವಾಗ ನೋಡಿದ್ರೂ ಮೂರ. ನಾಕನೇದು ಇದ್ರೂ ಹೇಳೂದಿಲ್ಲ, ಊಟದ ಹೊತ್ತು ಮೀರತೈತಿ. ಶಿಸ್ತು ಆತು, ಒಗ್ಗಟ್ಟು ಆತು, ಮೂರನೇದಕ್ಕ ಬಂದು ನಿಂತ್ರು. ತಾಳ್ಮೆ.

"ನಮ್ಮ ಸಭೆಯ ಮಗಳು ಎಸ್ತರ್ ಇಲ್ಲಿದ್ದಾಳೆ. ಕಾಲಿಗೆ ಪೆಟ್ಟಾಗಿದೆ. ಲೋಕ ಏನನ್ನುತ್ತದೆ? ಕುಳಿತುಕೋ ಅನ್ನುತ್ತದೆ. ವಿಶ್ವಾಸ ಏನನ್ನುತ್ತದೆ? ಎದ್ದು ಓಡು ಅನ್ನುತ್ತದೆ!"

ಹುಡುಗಿ ಮುಂದ ಹೋಗಿ ನಿಂತ್ಲು. ಅಯ್ಯನೋರು ಆಕಿ ತಲಿ ಮ್ಯಾಲೆ ಕೈಯಿಟ್ಟು ಪ್ರಾರ್ಥನಿ ಮಾಡಿ, ಸಾಕ್ಷಿ ಹೇಳಮ್ಮ ಅಂತ ಮೈಕ್ ಕೊಟ್ರು. ಆಕಿ ಅಂದ್ಲು, "ನಮ್ಮಜ್ಜಿ ಕಾಲು ನೋವಿದ್ರೂ ಯೇಸುಸ್ವಾಮಿ ಹೆಸರಿಲೆ ತಾಳಿಕೊಂಡು ಆಡಿ ಗೆದ್ದಾಳ್ರಿ. ತಾಟು ನಮ್ಮ ಮನ್ಯಾಗ ಐತಿ. ನಾನೂ ಆಡ್ತೇನಿ."

ಗುಡಿ ತುಂಬ ಚಪ್ಪಾಳಿ. ಎಲ್ಲಾರೂ ತಿರಗಿ ನನ್ನ ನೋಡಿದ್ರು. ನಾ ಏನು ಮಾಡಿದೆ? ಕೆಂಪು ಸ್ಟೂಲಿನ ಮ್ಯಾಲೆ ಮದಿಮಗಳಂಗ ತಲಿ ಬಗ್ಗಿಸಿ ಕುಂತೆ. ಪಾಸ್ಟರಿಗೆ ಉಲ್ಟಾ ಮಾತಾಡೋ ಬಾಯಿ ಅವತ್ತ ಹೊಲಕೊಂಡಿತ್ತು. ಆ ಚಪ್ಪಾಳಿ ಸಪ್ಪಳ ನಾ ಮೊದಲೂ ಕೇಳಿದ್ದೆ, ಶಿಗ್ಗಾಂವ್ಯಾಗ.

ಆಮ್ಯಾಲೆ ಮನ್ಯಾಗ ಒಂದೆರಡು ಸಲ ಬಾಯಿ ತಗದೆ. "ಡಾಕ್ಟರು ಬ್ಯಾಡಂದಾರಲ್ಲೋ" ಅಂದೆ ಸ್ಯಾಮುವೇಲಗ.

"ಅವ್ವಾ, ನೀನ ಹಿಂಗಂದ್ರ ಹೆಂಗ? ನೀ ಆಡಲಿಲ್ಲೇನು? ಮರದಿನ ನೆಟ್ಟಗಾಗಲಿಲ್ಲೇನು?"

ನಾ ತೋಡಿದ ಬಾವಿ. ಅದರ ಮೆಟ್ಟಲದಾಗ ಈಗ ಖರೇನ ಬಿದ್ದೆ.

ಪಂದ್ಯದ ದಿನ ಸ್ಯಾಮುವೇಲನ ಟೆಂಪೋದಾಗ ಹೊಂಟ್ವಿ. ಗೋವಿನಜ್ವಾಳ ಹೇರೋ ಟೆಂಪೋ ಅದು, ಕುಂತ್ರ ಸೀರಿ ತುಂಬ ತೌಡು. ಅಯ್ಯನೋರು ಮುಂದ, ನಾ ಹಿಂದ ಸ್ಟೂಲಿನ ಮ್ಯಾಲೆ. ಹೌದ್ರಿ, ಸ್ಟೂಲು ತಗೊಂಡ ಹೋಗಿದ್ದೆ. ಮೈದಾನದಾಗ ನೆಲದ ಮ್ಯಾಲೆ ಕುಂದ್ರಾಕ ನನಗ ಬರೂದಿಲ್ಲಲ್ಲ.

ಹಿರೇಕೆರೂರಿನ ಮೈದಾನದಾಗ ಸುಣ್ಣದ ಗೆರಿ ಹೊಡದಿದ್ರು. ನಡುವಿನ ಗೆರಿ ಸೊಟ್ಟ, ಹಾವು ಹರದಂಗ. ಶಾಮಿಯಾನದ ಕೆಳಗ ನಮ್ಮ ಹುಡಿಗ್ಯಾರು ಕುಂತಿದ್ರು. ಎಸ್ತರ್ ಕಾಲಿಗೆ ಪಟ್ಟಿ ಏರಸಾಕತ್ತಿದ್ಲು. ಮೊಣಕಾಲು ಎಳಿ ತೆಂಗಿನಕಾಯಿ ಆಗಿತ್ತು. ಪಟ್ಟಿ ಮ್ಯಾಲೆ ಎಳದಾಗ ಕೆಳಗಿನ ತುಟಿ ಕಚ್ಚಿದ್ಲು. ನಾ ನೋಡಾಕತ್ತೇನಿ ಅಂತ ಗೊತ್ತಾಗಿ ನಕ್ಕು, "ಏನೂ ನೋವಿಲ್ಲಜ್ಜಿ" ಅಂದ್ಲು.

ಆ ಮಾರಿ ನಂದು. ಸೆರಗಿನ ಪಟ್ಟಿ ಬಿಗಿಯೋ ಮುಂದ ನಾನೂ ದೊಡ್ಡಕ್ಕೋರಿಗೆ ಹಂಗ ನಕ್ಕಿದ್ದೆ.

ಆಕಿ ಬಾಜೂಕ ಹುಲಗೂರಿನ ರೇಶ್ಮಾ ಕುಂತಿದ್ಲು, ಬದಲಿ ಆಟಗಾರ್ತಿ. ಬೂಟಿನ ದಾರ ಬಿಗದು ಕಟ್ಟಿ, ಬಿಚ್ಚಿ, ಮತ್ತ ಕಟ್ಟಾಕತ್ತಿದ್ಲು. ಅಷ್ಟು ದೂರದಿಂದ ಬಂದು ಬರೇ ದಾರ ಕಟ್ಟೋ ಕೆಲಸ ಆ ಹುಡಿಗಿಗೆ. ಅದನ್ನ ನೋಡಿ ನನಗ ತಲಿ ಕೆಟ್ಟತು. ನನಗ ಬದಲಿ ಇರಲಿಲ್ಲ. ಇವರಿಗೆ ಬದಲಿ ಐತಿ, ಕೈಯಳತ್ಯಾಗ ಕುಂತೈತಿ, ಆದ್ರೂ ಹರದ ಕಾಲನ್ನ ಒಳಗ ಕಳಸಾಕತ್ತಾರ.

"ಎಸ್ತರ್, ಪಟ್ಟಿ ತಗಿ" ಅಂದೆ.

"ಯಾಕಜ್ಜಿ?"

"ನಾ ಸುಳ್ಳು ಹೇಳಿದ್ದೆ. ಶಿಗ್ಗಾಂವ್ಯಾಗ ನಾವು ಗೆದ್ದಿಲ್ಲ. ಸೋತ್ವಿ."

ಸ್ಯಾಮುವೇಲ ಬಾಟಲಿ ಮುಚ್ಚಳ ತಿರುವಾಂವ ಅಲ್ಲೇ ನಿಂತ. ನಾ ಬಿಡಲಿಲ್ಲ. "ಮರದಿನ ಕಾಲು ನೆಟ್ಟಗಾಗಲಿಲ್ಲ. ಬಾವಿ ಮೆಟ್ಟಲದಾಗ ನಾ ಎಂದೂ ಬಿದ್ದಿಲ್ಲ. ಈ ಕುಂಟು ಆ ಆಟದ್ದು. ತಾಟು ಕೊಟ್ಟದ್ದು ಗೆದ್ದದ್ದಕ್ಕಲ್ಲ, ಕಾಲು ಕಳಕೊಂಡದ್ದಕ್ಕ."

ಆಕಿ ಮಾರಿ ಬಿಳಿಚಿಕೊಂತು. "ಇಷ್ಟು ವರ್ಷ ಸುಳ್ಳು ಹೇಳಿದಿಯೇನು? ಗುಡ್ಯಾಗ ನಾ ಎಲ್ಲಾರ ಮುಂದ ಹೇಳಬೇಕಾದ್ರ ಸುಮ್ನ ಕುಂತಿದ್ದಿಯಲ್ಲ!"

"ಕುಂತಿದ್ದೆ. ಚಪ್ಪಾಳಿ ರುಚಿ ಹತ್ತಿತ್ತು. ಬೈ. ಆದ್ರ ಪಟ್ಟಿ ತಗದು ಬೈ."

ಅಯ್ಯನೋರು ನಡುವ ಬಂದ್ರು. "ಅಜ್ಜಿ, ಮಗುವಿನ ಧೈರ್ಯ ಕುಂದಿಸಬೇಡಿ. ಕರ್ತನು ಕೂಡ ಶಿಲುಬೆಯನ್ನು ಕೊನೆಯವರೆಗೆ..."

"ನಿಂದರ್ರಿ ಅಯ್ಯನೋರ! ಡಾಕ್ಟರು ಆಡಬ್ಯಾಡ ಅಂದಾರ!" ಅಂದೆ. ಬಾಜೂ ಶಾಮಿಯಾನದವ್ರೂ ತಿರಗಿ ನೋಡಿದ್ರು. "ನಾ ಓದಿದಾಕಿ ಅಲ್ಲ, ಆದ್ರ ಐವತ್ತು ವರ್ಷ ಸ್ಟೂಲಿನ ಮ್ಯಾಲೆ ಕುಂತು ಆ ವಾಕ್ಯ ಕೇಳೇನಿ. ಶಿಲುಬಿ ಹೊತ್ತು ಹೊಂಟಾಗ ಅವನ ಕೈಲೆ ಆಗದಂಗಾತು. ಆಗ ಏನು ಮಾಡಿದ್ರು? ಹೊಲದ ಕಡೆಯಿಂದ ಬರಾಕತ್ತಿದ್ದ ಒಬ್ಬಾಂವನ್ನ ಹಿಡದು ಹೊರಿಸಿದ್ರೋ ಇಲ್ಲೋ? ದೇವರ ಮಗನಿಗೂ ಬದಲಿ ಸಿಕ್ತು ಅಯ್ಯನೋರ. ನಮ್ಮ ಹುಡಿಗಿಗೆ ಯಾಕ ಇಲ್ಲ?"

ಅಯ್ಯನೋರು ಒಂದು ಹೆಜ್ಜಿ ಹಿಂದ ಸರದ್ರು. ಮೂರು ಪಾಠದಾಗ ಇದು ಇರಲಿಲ್ಲ ಅಂತ ಕಾಣತೈತಿ.

ನಾ ಎಸ್ತರ್ ಕಡೆ ತಿರಗಿದೆ. "ಹುತುತು ಆಡಾಕಿ ಅಲ್ಲೇನು ನೀ? ಉಸಿರು ಯಾಕ ಹಿಡೀತಿ ಹೇಳು. ಎದುರಿನವರ ಅಂಗಳದಾಗ ಸಾಯಾಕೇನು? ನಡು ಗೆರಿ ಮುಟ್ಟಿ ವಾಪಸ್ ಬರಾಕ. ವಾಪಸ್ ಬರಲಿಲ್ಲ ಅಂದ್ರ ಎಷ್ಟು ಹೊತ್ತು ಹಿಡದಿದ್ರೂ ನೀ ಔಟ್. ತಾಳಿಕೊಳ್ಳೋದು ಅಂದ್ರ ಅದು. ನನಗ ಯಾರೂ ಹೇಳಲಿಲ್ಲ, ನಾ ಗೆರಿ ಮುಟ್ಟಲಿಲ್ಲ. ಐವತ್ತೈದು ವರ್ಷ ಆತು, ಇನ್ನೂ ಶಿಗ್ಗಾಂವ್ಯಾಗ ಬಿದ್ದೇನಿ."

ಪೀಟಿ ಮಾಸ್ತರು ಸೀಟಿ ಕೈಯಾಗ ಹಿಡಕೊಂಡು ಬಂದ್ರು. "ಏನಂದ್ರು ಡಾಕ್ಟರು? ನನಗ ಸಣ್ಣ ಉಳುಕು ಅಂತ ಹೇಳಿದ್ರಲ್ಲ" ಅಂತ ಸ್ಯಾಮುವೇಲನ್ನ ನೋಡಿದ್ರು. ಸ್ಯಾಮುವೇಲ ತನ್ನ ಚಪ್ಪಲಿ ನೋಡಿದ.

ಎಸ್ತರ್ ಪಟ್ಟಿ ಎಳದು ತಗದ್ಲು. ತಗದು ನನ್ನ ಮಾರಿಗೆ ಒಗದ್ಲು. "ತಗೋ, ನೀನ ಹಾಕ್ಕೋ!" ಅಂದ್ಲು. ಗುರಿ ಚಲೋ ಐತಿ ಹುಡಿಗೀದು, ಮೂಗಿಗೆ ಬಡೀತು. ಆಮ್ಯಾಲೆ ರೇಶ್ಮಾನ ಬೆನ್ನಿಗೆ ಒಂದು ಗುದ್ದು ಹಾಕಿ, "ಹೋಗ ನೀ" ಅಂದ್ಲು. ರೇಶ್ಮಾ ಒಂದು ಸಲ ನನ್ನ ನೋಡಿದ್ಲು, ಒಂದು ಸಲ ಆಕಿನ್ನ ನೋಡಿದ್ಲು, ಬಾಣ ಬಿಟ್ಟಂಗ ಹೋದ್ಲು.

ಕತಿ ಆಗಿದ್ರ ಇಲ್ಲಿ ಗೆಲ್ಲಬೇಕಿತ್ತು. ಒಂದು ಪಾಯಿಂಟಿಲೆ ಸೋತ್ರು. ಜಿಲ್ಲಾ ಟೀಮಿಗೆ ರೇಶ್ಮಾನ್ನ ಆರಿಸಿದ್ರು. ವಾಪಸ್ ಬರೋ ಮುಂದ ಟೆಂಪೋದಾಗ ಎಸ್ತರ್ ತೌಡಿನ ಚೀಲದಾಗ ಮಾರಿ ಹುದುಗಿಸಿಕೊಂಡು ಅತ್ಲು. ನಾ ಬೆನ್ನು ಸವರಲಿಲ್ಲ. ಸವರಿದ್ರ ಕೈ ಕಡೀತಿದ್ಲು.

ಒಂಬತ್ತು ದಿನ ನನ್ನ ಜೋಡಿ ಮಾತಿಲ್ಲ. ಸ್ಯಾಮುವೇಲನೂ ಅಷ್ಟಕ್ಕಷ್ಟ. ಹತ್ತನೇ ದಿನ ತಾಟು ತೊಳ್ಯಾಕ ತಗೊಂಡೆ, ಅಂಚಿಗೆ ಏನೋ ಹೊಸದು ಕೈಗೆ ಹತ್ತತು. ಎಸ್ತರ್ ಕಂಪಾಸಿನ ಮೊಳಿಲೆ ಗೀಚಿದ್ಲು. ಬಿಸಲಿಗೆ ಹಿಡದು ಒಂದೊಂದ ಅಕ್ಷರ ಕೂಡಿಸಿ ಓದಿದೆ. "ಸುಳ್ಳಿ."

ಒತ್ತಕ್ಷರ ಸರಿಯಾಗಿ ಹಾಕಿದ್ಲು. ಎಷ್ಟ ಅಂದ್ರೂ ಕಲ್ತಾಕಿ.

ಅದನ್ನ ತಿಕ್ಕಿ ಅಳಸಲಿಲ್ಲ. ಆ ತಾಟಿನ ಮ್ಯಾಲೆ ಇಷ್ಟು ವರ್ಷದಾಗ ಬಿದ್ದ ಖರೇ ಮಾತು ಅದೊಂದ. ಅವತ್ತು ಅದರಾಗ ಎರಡು ರೊಟ್ಟಿ ಹೆಚ್ಚಿಗಿ ಉಂಡೆ. ಎಸ್ತರ್ ಬಾಗಲಾಗ ನಿಂತು ನೋಡಿ, ನಗು ಬಂದದ್ದನ್ನ ನುಂಗಿ, "ಉಪ್ಪಿನಕಾಯಿ ಬೇಕೇನು, ಸುಳ್ಳಿ?" ಅಂದ್ಲು.

"ತಾ ಇತ್ಲಾಗ" ಅಂದೆ.

ಅಯ್ಯನೋರು ಒಂದು ದಿನ ಮನಿಗೆ ಬಂದ್ರು. "ಡಾಕ್ಟರ್ ಹೇಳಿದ್ದನ್ನು ನಾನು ಕೇಳಿಸಿಕೊಳ್ಳಬೇಕಿತ್ತು, ಅಜ್ಜಿ" ಅಂದ್ರು. ಚಾ ಕೊಟ್ಟೆ. "ಕ್ಷಮಿಸೇನ್ರಿ. ಮರತಿಲ್ಲ" ಅಂದೆ. ಅವರು ತಲಿ ಅಲ್ಲಾಡಿಸಿದ್ರು. ಮುಂದಿನ ಆಯ್ತಾರ ಗುಡಿಗೆ ಹೋದ್ರ ನನ್ನ ಕೆಂಪು ಸ್ಟೂಲಿನ ಬಾಜೂಕ ಒಂದು ನೀಲಿ ಸ್ಟೂಲು. ತಾವ ತಂದು ಇಟ್ಟಿದ್ರು. ಅವತ್ತು ಪ್ರಸಂಗದಾಗ ಒಂದ ಪಾಠ ಇತ್ತು, ಅದೂ ಸಣ್ಣದು. ಊಟಕ್ಕ ಲಗೂ ಹೋದ್ವಿ.

ಆರು ವಾರ ನಾನೂ ಎಸ್ತರೂ ಸ್ಟೂಲಿನ ಮ್ಯಾಲೆ. ಎಲ್ಲಾರ ತಲಿ ಕೆಳಗ ಹೋದಾಗ ನಮ್ಮ ಎರಡು ತಲಿ ಮ್ಯಾಲೆ. "ಜ್ವಾಳದ ಹೊಲಕ್ಕ ಎರಡು ಗೊಂಬಿ ಆದ್ವು ನೋಡಜ್ಜಿ" ಅಂದು ಪ್ರಾರ್ಥನಿ ನಡುವ ಕಿಸಕ್ ಅಂದ್ಲು. ಮೊಣಕೈಲೆ ತಿವಿದೆ.

ನನ್ನ ಸಿಟ್ಟು ಇಳದೈತಿ ಅಂತ ತಿಳಕೋಬ್ಯಾಡ್ರಿ. ದೊಡ್ಡಕ್ಕೋರ ಮ್ಯಾಲೆ ಐತಿ, ಸ್ಯಾಮುವೇಲನ ಮ್ಯಾಲೆ ಐತಿ, ಚಪ್ಪಾಳಿ ಹೊಡದವರ ಮ್ಯಾಲೆ ಐತಿ. ಸ್ಟೂಲಿನ ಮ್ಯಾಲೆ ತಲಿ ಬಗ್ಗಿಸಿ ಕುಂತಿದ್ಲಲ್ಲ ಒಬ್ಬಾಕಿ, ಆಕಿ ಮ್ಯಾಲೆ ಎಲ್ಲಾರಕಿಂತ ಜಾಸ್ತಿ ಐತಿ. ದೇವರಿಗೂ ಹೇಳೇನಿ. ಅವಗ ಕುಂತ ಹೇಳ್ತೇನಿ, ಬಗ್ಗಿ ಹೇಳಾಕ ಬರೂದಿಲ್ಲ.

ಏಳನೇ ಆಯ್ತಾರ ಬಂತು. ಡಾಕ್ಟರು ಹೂಂ ಅಂದಿದ್ರು. ಅಯ್ಯನೋರು "ಮೊಣಕಾಲೂರಿ ಪ್ರಾರ್ಥಿಸೋಣ" ಅಂದ್ರು. ಎಲ್ಲಾರೂ ಸರಬರ ಅಂತ ಕೆಳಗ ಹೋದ್ರು. ನೀಲಿ ಸ್ಟೂಲು ಹಿಂದ ಸರದ ಸಪ್ಪಳ ಆತು. ನಾ ಕಣ್ಣು ಮುಚ್ಚಿಕೊಂಡೆ, ಪ್ರಾರ್ಥನಿಗಲ್ಲ. ಕಿವಿಗೊಟ್ಟು ಕೇಳಾಕತ್ತಿದ್ದೆ.

ಎಸ್ತರ್ ಮೊದಲ ಬಲಗಾಲು ಊರಿದ್ಲು. ಆಮ್ಯಾಲೆ ಮೆತ್ತಗ ಎಡಗಾಲು.

ಕಟಕ್ ಅನ್ನಲಿಲ್ಲ.